ನನಗೆ ಎಲ್ಲಾ ಕೇಳಿಸುತ್ತಿತ್ತು

ಆ ಕೀ ಗೊಂಚಲು ಯಾರದ್ದು? ನನ್ನ ಕೈಗೆ ತುರುಕಿದವರು ಯಾರು? ಅಂಗೈಯಲ್ಲಿ ಅದರ ಗೀರು ಇನ್ನೂ ಉರಿಯುತ್ತಿದೆ.

ದೇವರಾಜ ಮಾರ್ಕೆಟ್, ಹೂವಿನ ಸಾಲು. ಅಕ್ಕ ಏನೋ ಹೇಳಿದಳು, ನಾನು ನಕ್ಕೆ. ಅಷ್ಟೇ. ಜೋರಾಗಿ ನಗು ಬಂದರೆ ನನಗೆ ಹೀಗಾಗುತ್ತದೆ ಅಂತ ಅವಳಿಗೆ ಚೆನ್ನಾಗಿ ಗೊತ್ತು. ಮೊದಲು ದವಡೆ ಸಡಿಲವಾಯಿತು, ಮಾತು ತೊದಲಿತು, ಕತ್ತು ಜೋತುಬಿತ್ತು. ಆಮೇಲೆ ಮಂಡಿ. ಸೇವಂತಿಗೆ ಬುಟ್ಟಿಯ ಪಕ್ಕ ಕುಸಿದೆ. ಒದ್ದೆ ಬಾಳೆಎಲೆ ಕೆನ್ನೆಗೆ ಅಂಟಿಕೊಂಡಿತು.

"ಫಿಟ್ಸು, ಫಿಟ್ಸು! ಕಬ್ಬಿಣ ಕೊಡ್ರೀ!"

ಕೀ ಗೊಂಚಲು ಇಟ್ಟರು. ಜಾರಿತು. ಮತ್ತೆ ಇಟ್ಟು, ನನ್ನ ಬೆರಳು ಮಡಚಿ, ಮೇಲಿಂದ ಒತ್ತಿ ಹಿಡಿದರು. ಫಿಟ್ಸ್ ಬಂದ ಕೈ ಹೀಗೆ ಹತ್ತಿಯ ಹಾಗೆ ಬಿದ್ದಿರುತ್ತದಾ? ಯಾರೂ ನೋಡಲಿಲ್ಲ. ಒಬ್ಬರು ಚಪ್ಪಲಿ ತಂದು ಮೂಗಿಗೆ ಹಿಡಿದರು. ಯಾರೋ ಮೆಟ್ಟಿ ಓಡಾಡಿದ ಚಪ್ಪಲಿ, ಸಗಣಿ ವಾಸನೆ. ಮುಖ ತಿರುಗಿಸಲೂ ಆಗಲಿಲ್ಲ. ತಲೆಯ ಹತ್ತಿರವೇ ಒಬ್ಬ ಹೆಂಗಸು ಕೇಳುತ್ತಿದ್ದರು, "ಮದುವೆ ಆಗಿದ್ಯಾ? ಗಂಡಿನ ಕಡೆಯವರಿಗೆ ಹೇಳಿಬಿಟ್ಟಿದ್ದೀರಾ?"

ಅಕ್ಕ ಹೇಳಿದಳು, "ಇಲ್ಲ, ಇನ್ನೂ ಆಗಿಲ್ಲ. ಹೂಂ, ಫಿಟ್ಸು."

ನನ್ನ ಅಕ್ಕ! ಆರು ವರ್ಷ ಸುಮ್ನೆ ಫಿಟ್ಸ್ ಮಾತ್ರೆ ನುಂಗಿದ್ದು ಅವಳಿಗೆ ಗೊತ್ತಿಲ್ವಾ? ನಿದ್ದೆಯ ಪರೀಕ್ಷೆಗೆ ಜೊತೆಗೆ ಬಂದವಳೇ ಅವಳು. ರಾತ್ರಿಯೆಲ್ಲಾ ತಲೆಗೆ ವೈರು, ಮಾರನೇ ದಿನ ಎರಡೆರಡು ಗಂಟೆಗೊಮ್ಮೆ ಮಲಗಿಸಿದರು. ಪ್ರತಿ ಸಲ ಮೂರು ನಿಮಿಷದೊಳಗೆ ನಿದ್ದೆ. ಆಗಲೇ ನಾರ್ಕೊಲೆಪ್ಸಿ ಅಂದರು, ಹಗಲಲ್ಲೂ ತಡೆಯಲಾಗದ ನಿದ್ದೆ ಬರುವ ಕಾಯಿಲೆ. ಎಚ್ಚರ ಕಾಯುವ ಹೈಪೊಕ್ರೆಟಿನ್ ಅನ್ನೋ ರಾಸಾಯನಿಕ ಮಾಡುವ ಕೋಶಗಳೇ ಮೆದುಳಿನಲ್ಲಿ ಸತ್ತುಹೋಗಿವೆಯಂತೆ. ಕನಸು ಕಾಣುವಾಗ ಎಲ್ಲರ ಮೈಯೂ ಸಡಿಲ ಬಿಟ್ಟಿರುತ್ತದೆ. ನನಗೆ ಅದು ಎಚ್ಚರದಲ್ಲೇ, ನಗುವಾಗಲೇ ಬರುತ್ತದೆ. ಕ್ಯಾಟಪ್ಲೆಕ್ಸಿ. ಅರ್ಧ ನಿಮಿಷ, ಹೆಚ್ಚೆಂದರೆ ಎರಡು ನಿಮಿಷ. ಪ್ರಜ್ಞೆ ಎಲ್ಲೂ ಹೋಗಲ್ಲ. ಡಾಕ್ಟರು ಇಷ್ಟನ್ನೂ ಅವಳ ಎದುರಿಗೇ ಹೇಳಿದ್ದರು. ಆಫೀಸಿನಲ್ಲಿ ಸೋಂಬೇರಿ ಅಂತಾರೆ, ಅನ್ನಲಿ, ಅವರು ಹೊರಗಿನವರು.

ಬಿಡಿ, ಮಾರ್ಕೆಟ್ಟಿನವರದ್ದೇನು ತಪ್ಪು. ಹೂವಿನಮ್ಮ ತನ್ನ ಸೆರಗಿನಿಂದಲೇ ನನ್ನ ಮುಖ ಒರೆಸಿದರು. ಮಜ್ಜಿಗೆ ತರಿಸಿ ಕುಡಿಸಿದರು, ದುಡ್ಡು ಬೇಡ ಅಂದರು. ಗೊತ್ತಿಲ್ಲದೆ ಮಾಡಿದರು, ಅಷ್ಟೇ.

ಇಲ್ಲ, ಅಷ್ಟೇ ಅಲ್ಲ. ಗೊತ್ತಿಲ್ಲದಿದ್ದರೆ ಕೇಳಬಾರದಾ? ಬಿದ್ದವಳ ಮೂಗಿಗೆ ಚಪ್ಪಲಿ ಹಿಡಿಯುವ ಮೊದಲು ಪಕ್ಕದಲ್ಲಿ ನಿಂತವಳನ್ನು ಒಂದು ಮಾತು ಕೇಳಬಾರದಾ? ಒಬ್ಬ ಮೊಬೈಲ್ ಹಿಡಿದಿದ್ದನಂತೆ. ನನ್ನ ದುಪಟ್ಟಾ ಎಲ್ಲಿತ್ತೋ! ಆ ವಿಡಿಯೋ ಈಗ ಯಾರ ಯಾರ ಕೈಯಲ್ಲಿದೆ? ಯಾರಾದರೂ ಹೇಳಿ. ಅಲ್ಲಿದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ ಹೇಳಿ.

ಹೇಳಿದರೂ ಏನು ಮಾಡಲಿ. ಏನೂ ಆಗಲ್ಲ.

ರಾತ್ರಿ ಅಕ್ಕನನ್ನು ಕೇಳಿದೆ. "ಅಷ್ಟು ಜನರ ಮಧ್ಯೆ ನಾರ್ಕೊಲೆಪ್ಸಿ ಅಂತ ಏನು ಬಿಡಿಸಿ ಹೇಳಲಿ? ಫಿಟ್ಸ್ ಅಂದರೆ ಎಲ್ಲರಿಗೂ ಗೊತ್ತಾಗುತ್ತೆ" ಅಂದಳು. ನಾರ್ಕೊಲೆಪ್ಸಿ ಯಾಕೆ ಹೇಳಬೇಕಿತ್ತು? "ಅವಳಿಗೆ ಎಲ್ಲಾ ಕೇಳಿಸುತ್ತಿದೆ, ಎರಡು ನಿಮಿಷ ಸುಮ್ಮನಿರಿ" ಅಂದಿದ್ದರೆ ಸಾಕಿತ್ತು. ಅದನ್ನೇ ಹೇಳಿದೆ. ಅವಳು ಲೈಟ್ ಆರಿಸಿ ಮಲಗಿದಳು.

ನಾಡಿದ್ದು ಗೌರಿ ಹಬ್ಬ. ಹೂವಿಗೆ ತಾನೊಬ್ಬಳೇ ಹೋಗಿ ಬರುತ್ತಾಳಂತೆ. ನಾನು ಮನೆಯಲ್ಲೇ ಇರಬೇಕಂತೆ.