ಮಂಟಪ ಕಟ್ಟುವ ಹುಡುಗರಿಗೆ ವರ್ಷವಿಡೀ ಸಂಗೀತ ಬೇಕು

ನಾನು ಮಡಿಕೇರಿಯವನು. ಚೆನ್ನೈನಲ್ಲಿ ನೆಲೆಸಿ ವರ್ಷಗಳಾದವು. ಎರಡೂ ಊರಿನ ಬಡ ಕೇರಿಗಳ ಹುಡುಗರಿಗೆ ತಾಳ ಚೆನ್ನಾಗಿ ಗೊತ್ತು. ಆದರೆ ಆ ತಾಳಕ್ಕೆ ಊರು ಕೊಡುವ ಜಾಗದಲ್ಲಿ ತುಂಬಾ ವ್ಯತ್ಯಾಸ ಇದೆ.

ಚೆನ್ನೈ ಅಂದ್ರೆ ಮಾರ್ಗಳಿ ತಿಂಗಳ (ಡಿಸೆಂಬರ್-ಜನವರಿ) ಕರ್ನಾಟಕ ಸಂಗೀತ ಕಚೇರಿ ಅಂತ ನಾವು ಅಂದುಕೊಳ್ಳುತ್ತೇವೆ. ಉತ್ತರ ಚೆನ್ನೈನ ಕೇರಿಗಳ ಹಾಡೇ ಬೇರೆ. ಅದು ಗಾನಾ. ಸಾವಿನ ಮನೆಯಲ್ಲಿ ರಾತ್ರಿಯಿಡೀ ಹಾಡುತ್ತಾರೆ. ಸತ್ತವರ ಬದುಕು, ಕೂಲಿಯ ಕಷ್ಟ, ಪ್ರೀತಿ ಎಲ್ಲ ಅದರಲ್ಲಿ ಬರುತ್ತದೆ. ಬಹಳ ಕಾಲ ಅದನ್ನು ಪೋಲಿ ಹುಡುಗರ ಹಾಡು ಅಂತ ದೂರ ಇಟ್ಟಿದ್ದರು. 2018ರ ಜನವರಿಯಲ್ಲಿ ಸಿನಿಮಾ ನಿರ್ದೇಶಕ ಪಾ. ರಂಜಿತ್ ಮತ್ತು ಸಂಗೀತಗಾರ ತೆನ್ಮಾ ಸೇರಿ ಕಾಸ್ಟ್‌ಲೆಸ್ ಕಲೆಕ್ಟಿವ್ ಎಂಬ ತಂಡವನ್ನು ವೇದಿಕೆಗೆ ತಂದರು. ಗಾನಾ, ಪರೈ ಎಂಬ ತಮಟೆ, ರ‍್ಯಾಪ್, ಗಿಟಾರ್ ಒಟ್ಟಿಗೆ ಕೇಳಿಸಿದವು. ಹೆಚ್ಚಾಗಿ ಗಂಡಸರೇ ಹಾಡುತ್ತಿದ್ದ ಗಾನಾವನ್ನು ಆ ತಂಡದಲ್ಲಿ ಹಾಡಿದ ಇಸೈವಾಣಿ 2020ರಲ್ಲಿ ಬಿಬಿಸಿಯ ನೂರು ಮಹಿಳೆಯರ ಪಟ್ಟಿಗೆ ಬಂದರು. ಬೆಸೆಂಟ್ ನಗರದ ಪಕ್ಕದ ಮೀನುಗಾರರ ಕೇರಿ ಊರೂರ್ ಆಲ್ಕಾಟ್ ಕುಪ್ಪಂನಲ್ಲಿ ಕರ್ನಾಟಕ ಸಂಗೀತದ ಗಾಯಕ ಟಿ.ಎಂ. ಕೃಷ್ಣ, ಅವರ ಗೆಳೆಯರು ಮತ್ತು ಕುಪ್ಪಂನವರು ಸೇರಿ ಉತ್ಸವ ಮಾಡಿದರು. ಕರ್ನಾಟಕ ಸಂಗೀತಕ್ಕೂ ಪರೈಗೂ ಅಲ್ಲಿ ಒಂದೇ ವೇದಿಕೆ.

ಇನ್ನು ನಮ್ಮೂರು. ದಸರಾದ ರಾತ್ರಿ ಮೆರವಣಿಗೆಯಲ್ಲಿ ದೇವರ ಕಥೆ ತೋರಿಸುತ್ತಾ ಸಾಗುವ ಹತ್ತು ಮಂಟಪಗಳ ಹಿಂದೆ ದುಡಿಯುವವರಲ್ಲಿ ಕಾಲೋನಿ ಹುಡುಗರೂ ಇದ್ದಾರೆ. ಪೇಂಟಿಂಗ್, ಆಟೋ, ವರ್ಕ್‌ಶಾಪ್ ಕೆಲಸ ಮುಗಿಸಿ ಬಂದು ವಾರಗಟ್ಟಲೆ ನಿದ್ದೆಗೆಡುತ್ತಾರೆ. ವೆಲ್ಡಿಂಗ್ ಮಾಡುತ್ತಾರೆ, ಮೂರ್ತಿಗಳು ಅಲುಗಾಡುವಂತೆ ಮಾಡುತ್ತಾರೆ, ಕಥೆಗೆ ಸೌಂಡ್ ಜೋಡಿಸುತ್ತಾರೆ, ಚಂದಾ ಎತ್ತಿ ಲೆಕ್ಕ ಇಡುತ್ತಾರೆ. ಇಷ್ಟೆಲ್ಲ ಕಲಿಸಲು ಬೇರೆ ಕಡೆ ಸಂಸ್ಥೆಗಳೇ ಬೇಕು. ನಮ್ಮವರು ಒಬ್ಬರಿಂದ ಒಬ್ಬರು ನೋಡಿಯೇ ಕಲಿತಿದ್ದಾರೆ. ಇದರಲ್ಲಿ ಚೆನ್ನೈಗಿಂತ ಮಡಿಕೇರಿ ಮುಂದೆ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಆದರೆ ವಿಜಯದಶಮಿ ರಾತ್ರಿ ಕಳೆದು ಬೆಳಗಾದರೆ ಎಲ್ಲ ಮುಗಿಯಿತು. ಇನ್ನು ಮುಂದಿನ ವರ್ಷವೇ. ಮಂಟಪದಲ್ಲಿ ಕೇಳುವ ಸಂಗೀತವೂ ಹೆಚ್ಚಾಗಿ ರೆಕಾರ್ಡಿನದು. ಹುಡುಗರ ಸ್ವಂತ ದನಿ ಎಲ್ಲಿ?

2018ರ ಆಗಸ್ಟ್ ಮಳೆಯಲ್ಲಿ ಮಡಿಕೇರಿಯ ಇಂದಿರಾನಗರ, ಚಾಮುಂಡೇಶ್ವರಿ ನಗರದಲ್ಲಿ ಗುಡ್ಡ ಜರಿದು ಮನೆಗಳು ಹೋದವು. ಅಲ್ಲಿ ಬೆಳೆದ ಹುಡುಗಿಯೊಬ್ಬಳು ಆ ಮಳೆಯ ಮೇಲೆ ಹಾಡು ಕಟ್ಟಿ ಗಾಂಧಿ ಮೈದಾನದಲ್ಲಿ ಹಾಡಿದರೆ ಊರು ಕೇಳುವುದಿಲ್ವಾ? ಖಂಡಿತ ಕೇಳುತ್ತದೆ.

ವಾಲಗದ ವಿಷಯ ಇನ್ನೂ ನೋವಿನದು. ಕೊಡಗಿನ ಮದುವೆಯಲ್ಲಿ ವಾಲಗ ಶುರುವಾದರೆ ಸುಮ್ನೆ ಕೂರುವವರು ಯಾರೂ ಇಲ್ಲ. ಆದರೆ ಊದುವವರನ್ನು, ಬಾರಿಸುವವರನ್ನು ಒಂದು ಮೂಲೆಯಲ್ಲಿ ನಿಲ್ಲಿಸುತ್ತೇವೆ. ಅವರ ಮಕ್ಕಳು ಈ ಕೆಲಸ ಬೇಡ ಅಂದರೆ ಸಂಪಾದನೆ ಕಡಿಮೆ ಅನ್ನುವುದೊಂದೇ ಕಾರಣವಲ್ಲ. ಪರೈಗೂ ಇದೇ ಗತಿ ಇತ್ತು. ಈಗ ಚೆನ್ನೈನಲ್ಲಿ ಕಾಲೇಜು ಹುಡುಗಿಯರೂ ಪರೈ ಕಲಿಯುತ್ತಾರೆ.

2016ರಲ್ಲಿ ಕೊಡಗಿನ ದಿಡ್ಡಳ್ಳಿಯ ಕಾಡಿನಿಂದ ಎಬ್ಬಿಸಿದ ಆದಿವಾಸಿಗಳಲ್ಲಿ ಅನೇಕರಿಗೆ ಈಗ ಕುಶಾಲನಗರದ ಹತ್ತಿರ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಮನೆ. ಕಾಡು ದೂರವಾಯಿತು, ಪೇಟೆ ಹತ್ತಿರವಾಯಿತು. ತಮ್ಮ ಕುಂಡೆ ಹಬ್ಬದಲ್ಲಿ ವೇಷ ಹಾಕಿ ಕುಣಿಯುವಾಗ ಪ್ಲಾಸ್ಟಿಕ್ ಕ್ಯಾನನ್ನೇ ವಾದ್ಯ ಮಾಡಿಕೊಳ್ಳುವ ಜನ ಅವರು. ಅವರ ಮಕ್ಕಳಿಗೆ ಹೊರಗಿನಿಂದ ಯಾರೋ ಹೋಗಿ ಕೀಬೋರ್ಡ್ ಕಲಿಸುವುದಕ್ಕಿಂತ, ಮೊದಲು ಅವರ ಹಾಡಿಯ ಹಿರಿಯರನ್ನೇ ಮೇಷ್ಟ್ರು ಮಾಡಿ ದುಡಿ ಎಂಬ ಪುಟ್ಟ ಚರ್ಮವಾದ್ಯ ಕಲಿಸಬೇಕು. ಆ ಮೇಷ್ಟ್ರಿಗೆ ಸಂಬಳ ಕೊಡಬೇಕು. ಶಾಲು, ಹಾರ ಸಾಕಾಗುವುದಿಲ್ಲ.

ವೆನೆಜುವೆಲಾದಲ್ಲಿ ಹೊಸೆ ಆಂಟೋನಿಯೊ ಅಬ್ರೆಯು 1975ರಲ್ಲಿ ಶುರು ಮಾಡಿದ ಎಲ್ ಸಿಸ್ಟೆಮಾ ಎಂಬ ಸಂಗೀತ ಯೋಜನೆ ಬಡ ಮಕ್ಕಳಿಗೆ ಶಾಲೆ ಬಿಟ್ಟ ಮೇಲೆ ಉಚಿತವಾಗಿ ವಾದ್ಯ ಕಲಿಸಿತು. ಅವರು ಆರಿಸಿದ್ದು ಪಾಶ್ಚಾತ್ಯ ಆರ್ಕೆಸ್ಟ್ರಾ. ನಮಗೆ ಅದೇ ಬೇಕಿಲ್ಲ. ಬೇಕಾದದ್ದು ಆ ದಿನನಿತ್ಯದ ಅಭ್ಯಾಸ.

ದಸರಾದಲ್ಲಿ ಜಾನಪದಕ್ಕೆ ಅಂತಲೇ ಒಂದು ದಿನ ಇಡುವುದು ಒಳ್ಳೆಯದೇ. ಆದರೆ ನನಗೆ ಪ್ರತ್ಯೇಕ ದಿನ ಬೇಡ. ಸಿನಿಮಾ ಗಾಯಕರು ಹಾಡುವ ದಿನ, ಜನ ತುಂಬಿದ ಹೊತ್ತಿನಲ್ಲಿ, ಅದೇ ಮೈಕಿನಲ್ಲಿ ವಾಲಗ, ದುಡಿ, ಕಾಲೋನಿ ಹುಡುಗರ ರ‍್ಯಾಪ್ ಬರಲಿ. ಮಂಟಪ ಸಮಿತಿಗಳು ಲೈಟಿಗೆ ಹಾಕುವ ದುಡ್ಡಿನಲ್ಲಿ ಒಂದಿಷ್ಟು ತೆಗೆದಿಟ್ಟು ತಮ್ಮ ಕೇರಿಯಲ್ಲೇ ಸಂಜೆ ತರಗತಿ ನಡೆಸಲಿ. ನಮ್ಮಂಥ ಹೊರಗಿರುವವರು ಪ್ರತಿ ವರ್ಷ ಚಂದಾ ಕಳಿಸುತ್ತೇವಲ್ಲ, ಈ ಸಲ ರಸೀದಿ ಕೇಳುವಾಗ ತರಗತಿಯ ಬಗ್ಗೆಯೂ ಕೇಳೋಣ.