ಫ್ಲಾರೆನ್ಸ್ ಊರೊಳಗೆ ಕಾರು ಬೇಡವೇ ಬೇಡ

ಬಾಡಿಗೆ ಕಾರು ಕೈಯಲ್ಲಿತ್ತು, ಹೋಟೆಲ್ ಊರೊಳಗಿತ್ತು. ಬ್ಯಾಗುಗಳು ಭಾರ, ಅಮ್ಮನಿಗೆ ಮಂಡಿನೋವು. ಬಾಗಿಲ ತನಕ ಕಾರಲ್ಲೇ ಹೋಗೋಣ ಅಂದುಕೊಂಡೆವು. ತಪ್ಪಾಗಿದ್ದು ಅಲ್ಲೇ.

ಇಟಲಿಯ ಫ್ಲಾರೆನ್ಸ್‌ನ ಹಳೇ ಊರಿಗೆ ಝಡ್‌ಟಿಎಲ್, ಅಂದರೆ ಸೀಮಿತ ಸಂಚಾರ ವಲಯ, ಅನ್ನುವ ನಿರ್ಬಂಧ ಇದೆ. ನಿರ್ಬಂಧದ ಹೊತ್ತಿನಲ್ಲಿ ಪರ್ಮಿಟ್ ಇಲ್ಲದ ಕಾರು ಒಳಗೆ ಹೋಗುವಂತಿಲ್ಲ. ಅಡ್ಡ ಗೇಟಿಲ್ಲ, ಪೊಲೀಸರಿಲ್ಲ, ಬರೀ ಕ್ಯಾಮೆರಾ. ಕೆಂಪು ಅಂಚಿನ ಬಿಳಿ ದುಂಡು ಬೋರ್ಡು, ಜೊತೆಗೆ 'ವಾರ್ಕೊ ಅತ್ತೀವೊ' ಅಂತ ಹೊಳೆಯುವ ಅಕ್ಷರ ಕಂಡಿತ್ತು. ಅಂದರೆ 'ದ್ವಾರ ಚಾಲೂ ಇದೆ'. ಚಾಲೂ ಇದೆ ಅಂದರೆ ಹೋಗಬಹುದು ಅಂತ ತಾನೇ ಯಾರಾದರೂ ತಿಳಿಯೋದು? ಅಲ್ಲ! ನಿರ್ಬಂಧ ಚಾಲೂ ಇದೆ, ಒಳಗೆ ಬರಬೇಡಿ ಅಂತ ಅರ್ಥ. ಹಿಂದೆ ಸ್ಕೂಟರ್ ಹಾರ್ನ್, ಮುಂದೆ ಸಂದಿಯಂಥ ಒನ್‌ವೇ, ಫೋನಿನ ಮ್ಯಾಪ್ ನೇರ ಹೋಗು ಅನ್ನುತ್ತದೆ. ಇಟಾಲಿಯನ್ ಬಾರದವರು ಅರೆಕ್ಷಣದಲ್ಲಿ ಏನಂತ ಓದಬೇಕು?

ಒಳಗೆ ಹೋಗಿಬಿಟ್ಟೆವು. ದಂಡದ ನೋಟಿಸ್ ಬಂದಿದ್ದು ತಿಂಗಳುಗಳ ನಂತರ, ಮನೆಗೆ. ದಂಡಕ್ಕಿಂತ ಜಾಸ್ತಿ ಹೊಟ್ಟೆ ಉರಿದಿದ್ದು ಬಾಡಿಗೆ ಕಂಪನಿಯ ಮೇಲೆ. ನಮ್ಮ ವಿಳಾಸ ಪೊಲೀಸರಿಗೆ ಕೊಟ್ಟಿದ್ದಕ್ಕೇ ಕಾರ್ಡಿನಿಂದ ಬೇರೆ ದುಡ್ಡು ಕಿತ್ತುಕೊಂಡಿದ್ದರು. ಕೀ ಕೊಡುವಾಗ ಇನ್ಶೂರೆನ್ಸ್ ಬಗ್ಗೆ ಅರ್ಧ ಗಂಟೆ ಕೊರೆದವರು ಇದರ ಬಗ್ಗೆ ಒಂದು ಮಾತು ಹೇಳಬಾರದಿತ್ತಾ?

ಊರೊಳಗಿನ ಹೋಟೆಲ್‌ನವರು ನಂಬರ್ ಪ್ಲೇಟ್ ನೋಂದಾಯಿಸಿಕೊಡುತ್ತಾರೆ, ನಾವೇ ಮೊದಲು ಕೇಳಬೇಕು. ಅದಕ್ಕಿಂತ ಸುಲಭ ಅಂದರೆ ಎ1 ಹೆದ್ದಾರಿ ಪಕ್ಕದ ವಿಲ್ಲಾ ಕೊಸ್ತಾಂಜಾ ಪಾರ್ಕಿಂಗಲ್ಲಿ ಕಾರು ಬಿಟ್ಟು ಟಿ1 ಟ್ರಾಮ್ ಹತ್ತುವುದು. ಊರ ಮಧ್ಯದ ಸಾಂತಾ ಮರಿಯಾ ನೊವೆಲ್ಲಾ ರೈಲು ಸ್ಟೇಷನ್ ಹತ್ತಿರವೇ ಇಳಿಸುತ್ತದೆ. ಅಮ್ಮ ಆರಾಮಾಗಿ ಕೂತು ಬರಬಹುದಿತ್ತು.