13 ಹಿಡಿಯದು, 14 ನಿಲ್ಲದು

ಕೊಡಗಿನ ನಮ್ಮ ಮನೆಯಲ್ಲಿ ಕೈಲ್‌ಪೊಳ್ದ್ ಎಂಬ ಆಯುಧಪೂಜೆಯ ಹಬ್ಬದ ದಿನ ಕೋವಿಗಳ ಜೊತೆ ಒಂದು ಮೋಟಾರ್ ಸೈಕಲ್ಲಿಗೂ ಪೂಜೆ ನಡೆಯುತ್ತದೆ. ಇದು ಅಜ್ಜ ಹಾಕಿಕೊಟ್ಟ ಪದ್ಧತಿ. ಬೈಕು ಬಿಎಸ್‌ಎ ಕಂಪನಿಯದು. ಬಿಎಸ್‌ಎ ಎಂದರೆ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್. 1861ರಲ್ಲಿ ಆ ಊರಿನ ಕೋವಿ ತಯಾರಕರು ಸೇರಿ ಕಟ್ಟಿದ ಕಂಪನಿ. ಮೂರು ಕೋವಿಗಳನ್ನು ಒಂದಕ್ಕೊಂದು ಆನಿಸಿ ನಿಲ್ಲಿಸಿದ ಚಿತ್ರವೇ ಅದರ ಗುರುತು. "ಕೋವಿ ಮಾಡುವವರ ಮನೆಯಲ್ಲಿ ಹುಟ್ಟಿದ್ದು ಕೋವಿಗೆ ತಮ್ಮನಲ್ಲದೆ ಮತ್ತೇನು?" ಎಂದು ಅಜ್ಜ ಕೇಳಿದ್ದರಂತೆ. ಸೈನ್ಯದಿಂದ ನಿವೃತ್ತರಾಗಿ ಬಂದವರ ಎದುರು ಯಾರು ವಾದ ಮಾಡುತ್ತಾರೆ? ಅಂದಿನಿಂದ ಕೋವಿಯ ನಳಿಕೆಗೆ ತೋಕ್ ಪೂ ಸಿಕ್ಕಿಸಿದ ಹಾಗೆಯೇ ಬೈಕಿನ ಹ್ಯಾಂಡಲ್ಲಿಗೂ ಒಂದು ಹೂ.

ಬೈಕಿನ ಹೆಸರು ಎಂ20. 496 ಸಿಸಿ, 13 ಅಶ್ವಶಕ್ತಿ. ಎರಡನೇ ಮಹಾಯುದ್ಧಕ್ಕಾಗಿ ಇಂಥವನ್ನು ಲಕ್ಷಕ್ಕೂ ಮೀರಿ ತಯಾರಿಸಿದ್ದರು. ಅಜ್ಜ ಮಿಲಿಟರಿ ಹರಾಜಿನಲ್ಲಿ ಕೊಂಡು ತಂದದ್ದು. ಕೋವಿಗೆ ಇದ್ದ ಕಟ್ಟುಪಾಡೇ ಇದಕ್ಕೂ ಇತ್ತು: ಗದ್ದೆ ಕೆಲಸ ಶುರುವಾದಾಗ ಒಳಗೆ ಹೋದರೆ, ನಾಟಿ ಮುಗಿದು ಸೆಪ್ಟೆಂಬರ್ 3ರಂದು ಪೂಜೆಯಾದ ಮೇಲೆಯೇ ಹೊರಗೆ. ಅಜ್ಜನ ಕಾಲದಲ್ಲಿ ಅದು ವರ್ಷಕ್ಕೆ ಎಂಟು ತಿಂಗಳು ಓಡಿ, ನಾಲ್ಕು ತಿಂಗಳು ಮಲಗುತ್ತಿತ್ತು. ಈಗ ಅದು ನನ್ನ ಪಾಲಿಗೆ ಬಂದಿದೆ. ಹನ್ನೆರಡು ತಿಂಗಳೂ ರಿಪೇರಿಯಲ್ಲಿರುತ್ತದೆ.

ಹೋದ ಮಳೆಗಾಲದಲ್ಲಿ ಕೈ ಹಾಕಿದ್ದು ಒಂದೇ ಒಂದು ನಟ್ಟಿಗೆ. ನನ್ನ ಸ್ಪ್ಯಾನರ್ ಪೆಟ್ಟಿಗೆಯಲ್ಲಿ 6ರಿಂದ 24 ಮಿಲಿಮೀಟರ್‌ವರೆಗೆ ಎಲ್ಲ ಅಳತೆಗಳೂ ಇವೆ. 13 ಹಾಕಿದೆ, ಒಳಗೆ ಹೋಗಲಿಲ್ಲ. 14 ಹಾಕಿದೆ, ಸಲೀಸಾಗಿ ಹೋಯಿತು. ತಿರುಗಿಸಿದರೆ ಸ್ಪ್ಯಾನರ್ ಮಾತ್ರ ತಿರುಗಿತು, ನಟ್ಟು ಕೂತಲ್ಲೇ ಕೂತಿತ್ತು. ಇನ್ನಷ್ಟು ಬಲ ಹಾಕಿದೆ. ಆರು ಮೂಲೆಯ ನಟ್ಟು ನೋಡನೋಡುತ್ತಿದ್ದಂತೆ ಗೋಲಿಯ ಹಾಗೆ ದುಂಡಗಾಯಿತು, ನನ್ನ ಬೆರಳಿನ ಗೆಣ್ಣು ಎಂಜಿನ್ನಿನ ರೆಕ್ಕೆಗೆ ಬಡಿದು ಸುಲಿಯಿತು.

ಆಮೇಲೆ ಓದಿ ತಿಳಿದುಕೊಂಡೆ. (ಓದುವುದು ನನ್ನಲ್ಲಿ ಯಾವಾಗಲೂ ಆಮೇಲೆಯೇ.) ಆ ಕಾಲದ ಬ್ರಿಟಿಷ್ ಬೈಕುಗಳಿಗೆ ವಿಟ್‌ವರ್ತ್ ಅಳತೆ. ಜೋಸೆಫ್ ವಿಟ್‌ವರ್ತ್ ಎಂಬ ಎಂಜಿನಿಯರ್ 1841ರಲ್ಲಿ ಮಂಡಿಸಿದ ತಿರುಪಿನ ಲೆಕ್ಕಾಚಾರ. ಕಾಲಿಂಚಿನ ವಿಟ್‌ವರ್ತ್ ನಟ್ಟಿನ ಅಗಲ ಸುಮಾರು 13.3 ಮಿಲಿಮೀಟರ್, ಅಂದರೆ ನನ್ನ ಪೆಟ್ಟಿಗೆಯ ಎರಡು ಸ್ಪ್ಯಾನರ್‌ಗಳ ನಡುವಿನ ಸಂದಿಯಲ್ಲಿ ಆರಾಮವಾಗಿ ಅಡಗಿ ಕೂರುವ ಅಳತೆ. ಇನ್ನೊಂದು ತಮಾಷೆ ಇದೆ. 3/8 ಎಂದು ಕೆತ್ತಿದ ವಿಟ್‌ವರ್ತ್ ಸ್ಪ್ಯಾನರಿನ ಬಾಯಿ ಅಳೆದರೆ 18 ಮಿಲಿಮೀಟರ್ ಬರುತ್ತದೆ. 3/8 ಇಂಚು ಎಂದರೆ ಹತ್ತೂ ಇಲ್ಲವಲ್ಲ ಎಂದು ನಾನು ಕಾಗದದ ಮೇಲೆ ಮೂರು ಸಲ ಲೆಕ್ಕ ಹಾಕಿದೆ. ಅವರು ಕೆತ್ತಿದ್ದು ಬೋಲ್ಟಿನ ದಪ್ಪವನ್ನಂತೆ, ಸ್ಪ್ಯಾನರ್ ಹಿಡಿಯುವ ನಟ್ಟಿನ ಅಗಲವನ್ನಲ್ಲ. ಚಪ್ಪಲಿಯ ಮೇಲೆ ಹೆಬ್ಬೆರಳಿನ ಅಳತೆ ಬರೆದ ಹಾಗೆ.

ಅಜ್ಜನ ಬಳಿ ವಿಟ್‌ವರ್ತ್ ಸ್ಪ್ಯಾನರ್‌ಗಳಿದ್ದವು ಎಂಬುದು ಮನೆಯವರಿಗೆಲ್ಲ ಗೊತ್ತಿತ್ತು, ಎಲ್ಲಿವೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಅಟ್ಟ ಹುಡುಕಿದೆ, ಕಾಫಿ ಗೋದಾಮು ಹುಡುಕಿದೆ, ಪಲ್ಪರ್ ಶೆಡ್ಡಿನಲ್ಲಿ ಹುಡುಕುವಾಗ ಕಾಲಿಗೆ ಮೂರು ಜಿಗಣೆ ಹತ್ತಿಸಿಕೊಂಡೆ. ಕೊನೆಗೆ ಒಂದು ಸಂಜೆ ಕೊಟ್ಟಿಗೆಯ ಗೇಟು ತಾನಾಗಿಯೇ ಮುಚ್ಚಿಕೊಂಡು ಬಂದು ಮಂಡಿಗೆ ಬಡಿಯಿತು. ಬೈಯಲೆಂದು ಬಗ್ಗಿದರೆ, ಗೇಟು ಮುಚ್ಚಿಕೊಳ್ಳಲೆಂದು ಹಗ್ಗಕ್ಕೆ ಕಟ್ಟಿದ್ದ ಭಾರ ಕಲ್ಲಲ್ಲ, ತುಕ್ಕು ಹಿಡಿದ ಐದು ಸ್ಪ್ಯಾನರ್‌ಗಳ ಗೊಂಚಲು! ದಿನಕ್ಕೆ ನಾಲ್ಕು ಸಲ ಅದನ್ನು ತಳ್ಳಿಕೊಂಡೇ ನಾನು ಸ್ಪ್ಯಾನರ್ ಹುಡುಕಲು ಹೋಗುತ್ತಿದ್ದೆ.

"ಅದು ಬಿಚ್ಚಿದರೆ ಹಸು ತೋಟಕ್ಕೆ ನುಗ್ಗುತ್ತದೆ" ಎಂದಳು ಅಮ್ಮ. ಬಿಚ್ಚಿದೆ. ಹಸು ನುಗ್ಗಿತು. ಅದು ಬೇರೆ ಕಥೆ.

ಮುಂದಿನ ಸರದಿ ಮ್ಯಾಗ್ನೆಟೊದ್ದು. ಈ ಬೈಕಿಗೆ ಕಿಡಿ ಹುಟ್ಟಿಸಲು ಬ್ಯಾಟರಿ ಬೇಡ. ಎಂಜಿನ್ ತಿರುಗುವಾಗ ಮ್ಯಾಗ್ನೆಟೊ ತಾನೇ ವಿದ್ಯುತ್ತು ಮಾಡಿಕೊಂಡು ಪ್ಲಗ್ಗಿಗೆ ಕಳುಹಿಸುತ್ತದೆ. ಅದರೊಳಗೆ ತಲೆಗೂದಲಿನಷ್ಟು ಸಪೂರದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಜುಲೈ ತಿಂಗಳಲ್ಲಿ ಕೊಡಗಿನಲ್ಲಿ ಉಪ್ಪು ನೀರಾಗುತ್ತದೆ, ಚರ್ಮದ ಬೂಟಿಗೆ ಬೂಷ್ಟು ಬೆಳೆಯುತ್ತದೆ. ಆ ತಂತಿ ಮಾತ್ರ ಬೆಚ್ಚಗಿರಬೇಕು ಎಂದರೆ ಹೇಗೆ? ತೇವ ಎಳೆದುಕೊಂಡು ಕಿಡಿ ಸತ್ತಿತ್ತು. ಬಿಸಿಲು ಬರುವುದು ಇನ್ನು ಎರಡು ತಿಂಗಳ ಮಾತು. ನಮ್ಮ ಮನೆಯಲ್ಲಿ ಮಳೆಗಾಲದಲ್ಲಿ ಎಲ್ಲವೂ ಒಣಗುವುದು ಒಂದೇ ಜಾಗದಲ್ಲಿ: ಒಲೆಯ ಮೇಲೆ, ಹೊಗೆಗೆ. ಉಪ್ಪು ಸವರಿದ ಹಂದಿಮಾಂಸದ ತುಂಡುಗಳು ಅಲ್ಲಿ ತೂಗುತ್ತಿದ್ದವು. ಪಕ್ಕದಲ್ಲಿ ಮ್ಯಾಗ್ನೆಟೊವನ್ನೂ ತೂಗುಹಾಕಿದೆ. ಮಾಂಸಕ್ಕಿಂತ ಒಂದು ಗೇಣು ಕೆಳಗೆ, ಬೇಗ ಒಣಗಲಿ ಎಂದು.

ಎರಡನೇ ದಿನ ಅಮ್ಮ ಕರೆದಳು. ಕೆಳಗಿನ ಪಾತ್ರೆಯ ಮುಚ್ಚಳದ ಮೇಲೆ ಕಡುಕಂದು ಬಣ್ಣದ ಮಂದ ದ್ರವ ತೊಟ್ಟಿಕ್ಕಿತ್ತು. "ಕಾಚಂಪುಳಿ ಅಲ್ಲಿಗೆ ಹೇಗೆ ಹತ್ತಿತು?" ಎಂದು, ಹಂದಿಮಾಂಸದ ಸಾರಿಗೆ ಹಾಕುವ ಆ ಕಪ್ಪು ಹುಳಿಯೆಂದೇ ತಿಳಿದು ಬೆರಳಿನಲ್ಲಿ ಮುಟ್ಟಿ ಮೂಸುತ್ತಿದ್ದಳು. ನಾಲಿಗೆಗೆ ತಾಗಿಸುವ ಮೊದಲು ನಾನು ತಲುಪಿದ್ದು ಪುಣ್ಯ. ಅದು ಅರಗು. ಹಳೆಯ ಮ್ಯಾಗ್ನೆಟೊಗಳ ಸುರುಳಿಗೆ ಅರಗಿನ ಲೇಪವಿರುತ್ತದೆ, ಬಿಸಿಯಾದರೆ ಅದು ಕರಗಿ ಹೊರಗೆ ಬರುತ್ತದೆ. ಅರಗಿನ ಅರಮನೆಗೆ ಬೆಂಕಿ ಇಟ್ಟರೆ ಏನಾಗುತ್ತದೆ ಎಂಬುದನ್ನು ಮಹಾಭಾರತದಲ್ಲಿ ಮೂರನೇ ತರಗತಿಯಲ್ಲೇ ಕೇಳಿದ್ದೆ. ಆದರೂ ಇಟ್ಟೆ. ತಣ್ಣಗಾದ ಮೇಲೆ ಅರಗು ಒಳಗೆಲ್ಲ ಅಂಟಿ, ತಿರುಗಬೇಕಾದ ಭಾಗ ಕಲ್ಲಿನಂತೆ ಕಚ್ಚಿ ಹಿಡಿದಿತ್ತು.

ಗೋಣಿಕೊಪ್ಪದಲ್ಲಿ ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಮಾಡುವವರು ಅದನ್ನು ಮೂಗಿನ ಹತ್ತಿರ ಹಿಡಿದು, "ಹೊಗೆ ಹಾಕಿದ ಮಾಂಸದ ವಾಸನೆ ಬರುತ್ತಿದೆಯಲ್ಲ" ಎಂದು ಹಿಂದಿರುಗಿಸಿದರು. ಮೈಸೂರಿನ ಒಬ್ಬ ಹಿರಿಯ ಮೇಸ್ತ್ರಿ ಮಾತ್ರ ಏನೂ ಕೇಳದೆ ಇಟ್ಟುಕೊಂಡು, ಮೂರು ವಾರದಲ್ಲಿ ಹೊಸದಾಗಿ ಸುತ್ತಿಕೊಟ್ಟರು. ಈ ಸಲ ಅರಗಿಲ್ಲ, ಎಪಾಕ್ಸಿ. ಕೊಡುವಾಗ ಒಂದೇ ಮಾತು ಹೇಳಿದರು: "ಇನ್ನು ಮೇಲೆ ಒಣಗಿಸಬೇಡಿ."

ಸೆಪ್ಟೆಂಬರ್ 3. ಪೂಜೆ ಆಯಿತು, ಕಡಂಬುಟ್ಟು ಮತ್ತು ಪಂದಿ ಕರಿಯ ಊಟ ಆಯಿತು. ನೆಂಟರಿಷ್ಟರೆಲ್ಲ ಅಂಗಳದಲ್ಲಿ ಸೇರಿದ್ದರು. ಈ ಬೈಕನ್ನು ಒದೆಯುವುದಕ್ಕೂ ಒಂದು ಶಾಸ್ತ್ರವಿದೆ. ಪೆಟ್ರೋಲ್ ಬಿಡಬೇಕು, ಕಾರ್ಬುರೇಟರಿನ ಗುಂಡಿಯನ್ನು ಪೆಟ್ರೋಲ್ ಒಸರುವವರೆಗೆ ಒತ್ತಬೇಕು, ಹ್ಯಾಂಡಲ್ಲಿನ ಸಣ್ಣ ಲಿವರಿನಿಂದ ಕಿಡಿಯ ಗಳಿಗೆಯನ್ನು ಹಿಂದಕ್ಕೆ ಸರಿಸಬೇಕು, ಆಮೇಲೆ ಒದೆಯಬೇಕು. ಮೂರನೆಯದನ್ನು ಮರೆತೆ. ಕಿಡಿ ಮುಂಚೆಯೇ ಹಾರಿತು. ನಾನು ಬೈಕನ್ನು ಒದೆಯುವ ಬದಲು ಬೈಕೇ ನನ್ನನ್ನು ಒದೆಯಿತು. ಭಾವ ಎತ್ತಿ ನಿಲ್ಲಿಸಿದರು.

ಎರಡನೇ ಸಲ ಲಿವರ್ ಸರಿಸಿ ಒದೆದೆ. ಹತ್ತಿತು! ಜೊತೆಗೆ ನೀಲಿ ಹೊಗೆಯ ಮೋಡವೂ ಎದ್ದಿತು. ತಿಂಗಳುಗಟ್ಟಲೆ ನಿಂತ ಬೈಕಿನಲ್ಲಿ ಟ್ಯಾಂಕಿನ ಆಯಿಲ್ ಮೆಲ್ಲಗೆ ಎಂಜಿನ್ನಿನ ತಳಕ್ಕೆ ಇಳಿದಿರುತ್ತದೆ, ಮೊದಲು ಅದನ್ನು ಬಸಿಯಬೇಕು, ನಾನು ಬಸಿದಿರಲಿಲ್ಲ. ತೋಟಕ್ಕೆ ಬೆಂಕಿ ಬಿತ್ತೆಂದು, ತೋಟದ ಲೆಕ್ಕ ಬರೆಯುವ ರೈಟರ್ ಕೊಡೆ ಹಿಡಿದುಕೊಂಡು ಓಡಿಬಂದರು. ಆ ಮಳೆಯಲ್ಲಿ ಬೆಂಕಿ ಎಲ್ಲಿಂದ ಬರಬೇಕು ಎಂದು ಅವರೂ ಯೋಚಿಸಲಿಲ್ಲ.

ಹೊಗೆಯೊಳಗಿಂದ ಹೊರಟವನು ಗದ್ದೆ ಕಡೆಯ ಇಳಿಜಾರಿನಲ್ಲಿ ಇಳಿದೆ. ತಿರುವು ಬಂತು. ಬಲಗಾಲಿನಲ್ಲಿ ಬ್ರೇಕ್ ಒತ್ತಿದೆ. ಗೇರ್ ಬಿತ್ತು. ಈ ಬೈಕಿಗೆ ಗೇರ್ ಬಲಕ್ಕೆ, ಬ್ರೇಕ್ ಎಡಕ್ಕೆ. ನನ್ನ ಕಾಲುಗಳಿಗೆ ಇದನ್ನು ಯಾರೂ ತಿಳಿಸಿರಲಿಲ್ಲ. ಇನ್ನೂ ಗಟ್ಟಿಯಾಗಿ ಒತ್ತಿದೆ. ಕೈಯಲ್ಲಿ ಮುಂದಿನ ಬ್ರೇಕ್ ಇದೆ ಎಂದು ನೆನಪಾಗುವಷ್ಟರಲ್ಲಿ ಬದು ದಾಟಿ, ಹೊಸದಾಗಿ ನಾಟಿ ಮಾಡಿದ ಗದ್ದೆಯ ನಡುವಿನವರೆಗೆ ಒಂದು ಸಾಲು ಉತ್ತು ನಿಂತಿದ್ದೆವು, ನಾನು ಮತ್ತು ಬೈಕು. ಹ್ಯಾಂಡಲ್ಲಿನ ತೋಕ್ ಪೂ ಅಲುಗಿರಲಿಲ್ಲ.

ನಾಟಿ ಮುಗಿದ ಸಂತೋಷಕ್ಕೆ ಮಾಡುವ ಹಬ್ಬ ಅದು. ಬೈಕನ್ನು ಮೇಲೆ ಎಳೆಯಲು ಏಳು ಜನ ಬೇಕಾದರು. ಆ ಸಾಲನ್ನು ತುಂಬಲು ಒಬ್ಬನೇ ಸಾಕು ಎಂದು ಅಮ್ಮ ತೀರ್ಮಾನಿಸಿದಳು. ಮರುದಿನ ಬೆಳಿಗ್ಗೆ ನನ್ನ ಕೈಗೆ ಭತ್ತದ ಅಗೆಯ ಕಟ್ಟು ಕೊಟ್ಟು, "ಹೋಗು, ಇದಕ್ಕೆ ಸ್ಪ್ಯಾನರ್ ಬೇಕಾಗುವುದಿಲ್ಲ" ಎಂದಳು.